ಮತ್ತೆ ಬಾರದ ರೋಗಿ

(ಅಂಕೋಲೆಯಲ್ಲಿ ಲಾರಿ ಮಾಲೀಕರು, ಚಾಲಕರು ಮತ್ತು ಅವರ ಮನೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಸಮಯ ಸಾಲದೆ ಬಿಟ್ಟ ಕೆಲವು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.)

ಹಿರಿಯರೇ, ಅಕ್ಕ ತಂಗಿಯರೇ, ಚಾಲಕ ಮಿತ್ರರೇ,

ಇಲ್ಲಿ ಏನು ಮಾತನಾಡಬೇಕೆಂದು ಯೋಚಿಸುತ್ತ ನಿನ್ನೆ ರಾತ್ರಿ ನನ್ನ ದವಾಖಾನೆಯ ಹಳೆಯ ನೋಂದಣಿ ಪುಸ್ತಕಗಳನ್ನು ತಿರುವಿ ಹಾಕಿದೆ. ಹೆಸರು, ವಯಸ್ಸು, ಊರು, ಕಾಯಿಲೆ ಎಂದು ನಾಲ್ಕು ಮನೆಗಳು. ಊರಿನ ಮನೆಯಲ್ಲಿ ಅವರ್ಸಾ, ಬೆಳಂಬಾರ, ಹಿಲ್ಲೂರು, ಅಗಸೂರು ಎಂಬ ನಮ್ಮ ಹೆಸರುಗಳ ನಡುವೆ ನಾಮಕ್ಕಲ್, ಸೇಲಂ, ಕೋಯಿಕ್ಕೋಡ್, ಸಾಂಗ್ಲಿ, ಕೊಲ್ಹಾಪುರ ಎಂದೂ ಬರೆದಿದೆ. ಅವರ್ಸಾದವರ ಹೆಸರು ತಿಂಗಳಿಗೊಮ್ಮೆ, ವರ್ಷಕ್ಕೆ ನಾಲ್ಕು ಸಲ ಮತ್ತೆ ಮತ್ತೆ ಕಾಣಿಸುತ್ತದೆ. ನಾಮಕ್ಕಲ್ಲಿನವರ ಹೆಸರು ಒಂದೇ ಸಲ ಬರುತ್ತದೆ. ಅವರಿಗೆ ಸಕ್ಕರೆ ಕಾಯಿಲೆ ಎಂದು ಬರೆದಿದ್ದೇನೆ, ಮೂರು ತಿಂಗಳ ಬಳಿಕ ರಕ್ತ ಪರೀಕ್ಷೆ ಎಂದೂ ಬರೆದಿದ್ದೇನೆ. ಮೂರು ತಿಂಗಳ ನಂತರದ ಪುಟದಲ್ಲಿ ಅವರಿಲ್ಲ.

ಆಮೇಲೆ ಇನ್ನೊಂದು ಯೋಚನೆ ಬಂತು. ಸಾಂಗ್ಲಿಯಲ್ಲೋ ಸೇಲಂನಲ್ಲೋ ನನ್ನಂಥ ಒಬ್ಬ ವೈದ್ಯರ ಪುಸ್ತಕದಲ್ಲಿ ಅಂಕೋಲೆ, ಕುಮಟಾ, ಶಿರಸಿ ಎಂಬ ಊರುಗಳೂ ಹೀಗೆಯೇ ಒಂದೊಂದೇ ಸಲ ಕಾಣಿಸಿಕೊಂಡಿರುತ್ತವೆ. ಅವು ಇಲ್ಲಿ ಕುಳಿತಿರುವ ನಿಮ್ಮ ಹೆಸರುಗಳು.

ಒಬ್ಬರನ್ನು ನಾನು ಮರೆತಿಲ್ಲ. ಮಳೆಗಾಲದ ಒಂದು ಬೆಳಗ್ಗೆ ಆರೂವರೆಗೆ ಲಾರಿಯನ್ನು ಹೆದ್ದಾರಿಯ ಪಕ್ಕಕ್ಕೆ ಹಾಕಿ ನಡೆದೇ ಬಂದರು. ವಯಸ್ಸು ನಲವತ್ತೆರಡು. ‘ಗ್ಯಾಸ್ ಆಗಿದೆ ಡಾಕ್ಟರೇ, ಒಂದು ಇಂಜೆಕ್ಷನ್ ಕೊಡಿ, ಮಧ್ಯಾಹ್ನದೊಳಗೆ ಗೋವಾದಲ್ಲಿ ಲೋಡು ಇಳಿಸಬೇಕು’ ಎಂದರು. ಮೈಯೆಲ್ಲ ಬೆವರು, ಎಡದವಡೆಯಲ್ಲಿ ನೋವು. ಇಸಿಜಿ ತೆಗೆದಾಗ ಹೃದಯಾಘಾತ ಸ್ಪಷ್ಟವಾಗಿತ್ತು. ಆಸ್ಪಿರಿನ್ ಜಗಿಯಲು ಕೊಟ್ಟು ಆಂಬ್ಯುಲೆನ್ಸಿಗೆ ಕರೆ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ ‘ಲಾರಿ ಯಾರು ನೋಡಿಕೊಳ್ಳುತ್ತಾರೆ?’ ಎಂಬುದು. ಎರಡನೆಯದು ‘ಮನೆಗೆ ಹೇಳಬೇಡಿ’ ಎಂಬ ವಿನಂತಿ. ಅವರನ್ನು ಕಳುಹಿಸಿದ ಮೇಲೆ ಏನಾಯಿತೋ ನನಗೆ ತಿಳಿಯಲಿಲ್ಲ. ಅವರು ಕೊಟ್ಟ ಮೊಬೈಲ್ ಸಂಖ್ಯೆಗೆ ವಾರವಿಡೀ ಕರೆ ಮಾಡಿದೆ.

ಲಾರಿ ಚಾಲಕರು ಎಷ್ಟು ವರ್ಷ ಬದುಕುತ್ತಾರೆ ಎಂದು ನಿಮ್ಮಲ್ಲಿ ಒಬ್ಬರು ಮೊದಲೇ ಚೀಟಿಯಲ್ಲಿ ಬರೆದು ಕೊಟ್ಟಿದ್ದೀರಿ. ಅಮೆರಿಕದ ಲಾರಿ ಚಾಲಕರು ಸರಾಸರಿ 61 ವರ್ಷಕ್ಕೇ ಸಾಯುತ್ತಾರೆ ಎಂಬ ಮಾತು ಬಹಳ ಕಾಲದಿಂದ ಓಡಾಡುತ್ತಿದೆ. ವಾಟ್ಸ್‌ಆ್ಯಪ್‌ನಲ್ಲಿ ನನಗೂ ಬಂದಿದೆ. ಇಂಥ ಸಂಖ್ಯೆ ಕೇಳಿದಾಗ ಒಂದು ಪ್ರಶ್ನೆ ಹಾಕಿಕೊಳ್ಳಿ. ಸತ್ತವರ ವಯಸ್ಸನ್ನು ಕೂಡಿಸಿ ಭಾಗಿಸಿದ ಸರಾಸರಿಯೋ, ಬದುಕಿರುವವರನ್ನೂ ಲೆಕ್ಕಕ್ಕೆ ತೆಗೆದುಕೊಂಡ ಆಯುಷ್ಯವೋ? ಒಂದು ಶಾಲೆಯಲ್ಲಿ ಓದುತ್ತಿರುವಾಗ ತೀರಿಕೊಂಡ ಮಕ್ಕಳ ಸರಾಸರಿ ವಯಸ್ಸು ಹನ್ನೆರಡು ಬರಬಹುದು. ಹಾಗೆಂದು ಆ ಶಾಲೆಯ ಮಕ್ಕಳ ಆಯುಷ್ಯ ಹನ್ನೆರಡು ಎನ್ನಲಾಗುವುದಿಲ್ಲ. ದುಡಿಯುವ ವಯಸ್ಸಿನವರೇ ತುಂಬಿರುವ ಕಸುಬಿನಲ್ಲಿ ಸತ್ತವರ ಸರಾಸರಿ ಯಾವಾಗಲೂ ಕಡಿಮೆಯೇ ಬರುತ್ತದೆ.

ಅಮೆರಿಕದಲ್ಲಿಯೇ ಸ್ವಂತ ಲಾರಿ ಓಡಿಸುವವರ ಸಂಘವೊಂದರ ಸದಸ್ಯರ ಸಾವುಗಳನ್ನು ಅಧ್ಯಯನ ಮಾಡಿದಾಗ ಒಟ್ಟು ಸಾವಿನ ಪ್ರಮಾಣ ಜನಸಾಮಾನ್ಯರಿಗಿಂತ ಹೆಚ್ಚೇನೂ ಕಾಣಲಿಲ್ಲ, ರಸ್ತೆ ಅಪಘಾತದ ಸಾವು ಮಾತ್ರ ಎದ್ದು ಕಂಡಿತು. ಇದನ್ನು ಕೇಳಿ ಯಾರೂ ನಿರಾಳರಾಗಬೇಡಿ. ಇದರೊಳಗೆ ಒಂದು ಮೋಸವಿದೆ. ಲಾರಿ ಹತ್ತುವವನು ಹತ್ತುವಾಗ ಗಟ್ಟಿಮುಟ್ಟಾಗಿಯೇ ಇರುತ್ತಾನೆ. ಕಾಯಿಲೆ ಬಂದವನು ಸ್ಟೀರಿಂಗ್ ಬಿಟ್ಟು ಇಳಿದುಬಿಡುತ್ತಾನೆ. ಊರಿಗೆ ಬಂದು ಅಂಗಡಿ ಇಡುತ್ತಾನೆ, ಇಲ್ಲವೇ ಮಂಚ ಹಿಡಿಯುತ್ತಾನೆ. ಹತ್ತು ವರ್ಷದ ಮೇಲೆ ಅವನು ತೀರಿಕೊಂಡಾಗ ಅದು ಚಾಲಕನ ಸಾವು ಎಂದು ಯಾರೂ ಬರೆಯುವುದಿಲ್ಲ. ಓಡಾಡುವಷ್ಟು ಕಾಲ ಅವನು ನನ್ನ ಪುಸ್ತಕದಲ್ಲಿ ಮತ್ತೆ ಬಾರದ ರೋಗಿ. ಇಳಿದ ಮೇಲೆ ಲೆಕ್ಕಕ್ಕೇ ಸಿಗದ ಚಾಲಕ. ಆದ್ದರಿಂದ ಆ ಚೀಟಿಗೆ ಉತ್ತರವಾಗಿ ಒಂದು ಸಂಖ್ಯೆಯನ್ನು ನಾನು ಕೊಡುವುದಿಲ್ಲ. ಆಯುಷ್ಯ ಎಲ್ಲಿ ಸೋರುತ್ತದೆ ಎಂಬುದನ್ನು ತೋರಿಸಬಲ್ಲೆ.

ಕುಳಿತು ಮಾಡುವ ಕೆಲಸ ಹೃದಯಕ್ಕೆ ಏನು ಮಾಡುತ್ತದೆ ಎಂಬುದು ಜಗತ್ತಿಗೆ ತಿಳಿದದ್ದೇ ವಾಹನ ಚಾಲಕರಿಂದ. ಲಂಡನ್ನಿನ ವೈದ್ಯ ಜೆರ್ರಿ ಮೋರಿಸ್ 1953ರಲ್ಲಿ ಅಲ್ಲಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ ನೋಡಿದರು. ಚಾಲಕನೂ ನಿರ್ವಾಹಕನೂ ಒಂದೇ ಬಸ್ಸಿನವರು, ಒಂದೇ ಹೊಗೆ ಕುಡಿಯುವವರು. ನಿರ್ವಾಹಕ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ, ಚಾಲಕ ಕುಳಿತೇ ಇರುತ್ತಿದ್ದ. ಹೃದಯ ಕಾಯಿಲೆ ಚಾಲಕರಲ್ಲಿ ಹೆಚ್ಚಾಗಿತ್ತು. ನಮ್ಮ ಲಾರಿಗಳಲ್ಲಿ ಹಿಂದೆ ಕ್ಲೀನರ್ ಇರುತ್ತಿದ್ದ. ಇಳಿದು ಹತ್ತಿ, ಗಾಲಿ ತಟ್ಟಿ ನೋಡಿ, ನೀರು ತಂದು, ಅಡುಗೆಯನ್ನೂ ಮಾಡುತ್ತಿದ್ದ. ಈಗ ಎಷ್ಟೋ ಲಾರಿಗಳಲ್ಲಿ ಅವನಿಲ್ಲ. ಚಾಲಕ ಒಬ್ಬನೇ. ಜೊತೆಗೆ ಮಾತನಾಡಲು, ಕಣ್ಣು ಎಳೆದಾಗ ಎಚ್ಚರಿಸಲು, ಎದೆ ಹಿಡಿದುಕೊಂಡಾಗ ಓಡಿಹೋಗಿ ಯಾರನ್ನಾದರೂ ಕರೆಯಲು ಪಕ್ಕದಲ್ಲಿ ಜನವಿಲ್ಲ.

ದುಡಿಮೆಯ ಗಂಟೆಗಳ ಬಗ್ಗೆ ಗಟ್ಟಿಯಾದ ಲೆಕ್ಕವಿದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡ 35ರಷ್ಟು, ಹೃದಯ ಕಾಯಿಲೆಯಿಂದ ಸಾಯುವ ಅಪಾಯ ಶೇಕಡ 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ಪ್ರಕಟಿಸಿದವು. ದಿನಕ್ಕೆ ಹನ್ನೆರಡು ಗಂಟೆಯಂತೆ ಆರು ದಿನ ಓಡಿಸಿದರೆ 72 ಗಂಟೆ. ಇಲ್ಲಿ ಅದಕ್ಕಿಂತ ಕಡಿಮೆ ಓಡಿಸುವವರು ಕೈ ಎತ್ತಿ ಎಂದು ಸಭೆಯಲ್ಲಿ ಕೇಳಿದೆ. ಇಬ್ಬರು ಎತ್ತಿದರು.

ಬೇಲೆಕೇರಿ ಬಂದರಿನ ಕಬ್ಬಿಣದ ಅದಿರಿನ ಕಾಲ ನಿಮಗೆಲ್ಲ ನೆನಪಿದೆ. ಸಂಡೂರು, ಹೊಸಪೇಟೆ ಕಡೆಯ ಅದಿರು ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಇಲ್ಲಿಗೆ ಬರುತ್ತಿತ್ತು. ರಸ್ತೆಯ ಬದಿಯ ಮರಗಳ ಎಲೆಯೂ ಕೆಂಪಾಗಿತ್ತು. ಟ್ರಿಪ್ ಲೆಕ್ಕದ ಹಣ. ಎಷ್ಟು ಟ್ರಿಪ್ ಹೊಡೆದರೆ ಅಷ್ಟು. ಸಾಲ ಮಾಡಿ ಲಾರಿ ಕೊಂಡ ಹುಡುಗರು ಕಂತು ತುಂಬಲು ರಾತ್ರಿ ಹಗಲು ಒಂದು ಮಾಡಿದರು. 2010ರಲ್ಲಿ ರಾಜ್ಯ ಸರ್ಕಾರ ಬಂದರುಗಳಿಂದ ಅದಿರು ರಫ್ತನ್ನು ನಿಲ್ಲಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಆ ವ್ಯವಹಾರದಲ್ಲಿ ಯಾರು ಎಷ್ಟು ಗಳಿಸಿದರು ಎಂಬುದು ಊರಿಗೆಲ್ಲ ಚರ್ಚೆಯ ವಿಷಯವಾಯಿತು. ಓಡಿಸಿದವರ ಮೈಯಲ್ಲಿ ಏನು ಉಳಿಯಿತು ಎಂಬುದನ್ನು ನಾನು ಈಗ ನೋಡುತ್ತಿದ್ದೇನೆ. ಅಂದು ಇಪ್ಪತ್ತೆಂಟು, ಮೂವತ್ತು ವಯಸ್ಸಾಗಿದ್ದವರು ಇಂದು ನಲವತ್ತೈದರ ಆಸುಪಾಸಿನಲ್ಲಿ ಸೊಂಟ ಹಿಡಿದುಕೊಂಡು, ಸಕ್ಕರೆ ಮುನ್ನೂರು ಏರಿಸಿಕೊಂಡು ಬರುತ್ತಿದ್ದಾರೆ. ಅವರಲ್ಲಿ ಕೆಲವರು ಈ ಸಭೆಯಲ್ಲೂ ಇದ್ದಾರೆ.

ಸೊಂಟದ ವಿಷಯ ಹೇಳಿಬಿಡುತ್ತೇನೆ. ಬೆನ್ನುಮೂಳೆಗೆ ತನ್ನದೇ ಒಂದು ಕಂಪನವಿದೆ. ಸೆಕೆಂಡಿಗೆ 4ರಿಂದ 6 ಸಲ ಕುಲುಕಿದರೆ ಬೆನ್ನು ಆ ಕುಲುಕಾಟವನ್ನು ತಗ್ಗಿಸುವ ಬದಲು ದೊಡ್ಡದು ಮಾಡುತ್ತದೆ. ಕೆಟ್ಟ ರಸ್ತೆಯಲ್ಲಿ ಲಾರಿಯ ಸೀಟು ಕುಲುಕುವುದೂ ಹೆಚ್ಚುಕಡಿಮೆ ಅದೇ ವೇಗದಲ್ಲಿ. ಗಂಟೆಗಟ್ಟಲೆ ಹೀಗೆ ಕುಲುಕಿ, ಮೂಳೆಗಳ ನಡುವಿನ ಮೆತ್ತೆ ದಣಿದಿರುವಾಗ ಕೆಳಗಿಳಿದವನೇ ಹಗ್ಗ ಬಿಚ್ಚಿ ತಾಡಪಾಲು ಎಳೆಯುತ್ತೀರಿ. ಆ ಕ್ಷಣದಲ್ಲೇ ಮೆತ್ತೆ ಜಾರಿ ಕಾಲಿನವರೆಗೆ ನೋವು ಸೆಳೆಯುವುದು. ಇಳಿದ ಮೇಲೆ ಹತ್ತು ನಿಮಿಷ ನಡೆದಾಡಿ, ಆಮೇಲೆ ಹಗ್ಗಕ್ಕೆ ಕೈ ಹಾಕಿ. ಇಷ್ಟು ಮಾಡಿದರೂ ಎಷ್ಟೋ ಸೊಂಟಗಳು ಉಳಿಯುತ್ತವೆ.

ನಿದ್ದೆಯ ಬಗ್ಗೆ ಮಾತ್ರ ನಾನು ಅವಸರ ಮಾಡುವುದಿಲ್ಲ.

ಹದಿನೇಳು ಗಂಟೆ ಎಚ್ಚರವಿದ್ದವನ ಕೈ, ಕಣ್ಣು, ತೀರ್ಮಾನ ಹೇಗಿರುತ್ತವೆ ಎಂದು ಆಸ್ಟ್ರೇಲಿಯಾದ ಸಂಶೋಧಕರು ತೊಂಬತ್ತರ ದಶಕದಲ್ಲಿ ಪರೀಕ್ಷೆ ಮಾಡಿದರು. ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯಸಾರ ಇದ್ದವನಷ್ಟೇ ಅವನು ತಪ್ಪುತ್ತಿದ್ದ. ನಮ್ಮ ದೇಶದ ಕಾನೂನಿನ ಮಿತಿ 30 ಮಿಲಿಗ್ರಾಂ. ಅಂದರೆ ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತಕ್ಕೆ ಇನ್ನೂ ಸ್ಟೀರಿಂಗ್ ಹಿಡಿದಿರುವವರು, ತೊಟ್ಟು ಮದ್ಯವನ್ನೂ ಮುಟ್ಟದವರು, ಕಾನೂನಿನ ಮಿತಿಯಷ್ಟು ಕುಡಿದವನಿಗಿಂತ ಹೆಚ್ಚು ಮಂಕಾಗಿರುತ್ತಾರೆ. ಅದನ್ನು ಅಳೆಯುವ ಯಂತ್ರ ಪೊಲೀಸರ ಕೈಯಲ್ಲಿಲ್ಲ.

ನಸುಕಿನ ಎರಡರಿಂದ ಐದರವರೆಗೆ ದೇಹ ತನ್ನಷ್ಟಕ್ಕೆ ಮುಚ್ಚಿಕೊಳ್ಳುವ ಹೊತ್ತು. ಆಗ ಬರುವ ಜೊಂಪು ಎರಡು ಮೂರು ಸೆಕೆಂಡಿನದು. ಬಂದದ್ದೂ ಹೋದದ್ದೂ ನಮಗೆ ಗೊತ್ತಾಗುವುದಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡಿಗೆ ಲಾರಿ 50 ಮೀಟರ್ ಸಾಗಿರುತ್ತದೆ. ಅರಬೈಲಿನಲ್ಲಿ, ದೇವಿಮನೆ ಘಟ್ಟದಲ್ಲಿ 50 ಮೀಟರಿನೊಳಗೆ ಏನೇನು ತಿರುವು ಬರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕಿಟಕಿ ತೆರೆಯುವುದು, ಹಾಡು ಜೋರು ಮಾಡುವುದು, ಮುಖಕ್ಕೆ ನೀರು ಹಾಕಿಕೊಳ್ಳುವುದು, ಇವು ಯಾವುವೂ ಜೊಂಪನ್ನು ತಡೆಯುವುದಿಲ್ಲ. ಚಹಾ, ಕಾಫಿ ತಡೆಯುತ್ತದೆ, ಆದರೆ ಕುಡಿದು ಅರ್ಧ ಗಂಟೆಯಾದ ಮೇಲೆ. ಹಾಗಾಗಿ ಲಾರಿ ನಿಲ್ಲಿಸಿ ಕಾಫಿ ಕುಡಿದು, ಕುಡಿದ ಕೂಡಲೇ ಇಪ್ಪತ್ತು ನಿಮಿಷ ಮಲಗಿ. ಏಳುವ ಹೊತ್ತಿಗೆ ಕಾಫಿಯೂ ಕೆಲಸ ಆರಂಭಿಸಿರುತ್ತದೆ.

ಮೀನಿನ ಲಾರಿಯವರು ಇದಕ್ಕೆ ನಕ್ಕರು. ಬೈತಖೋಲದಲ್ಲಿ ತುಂಬಿದ ಮಂಜುಗಡ್ಡೆ ಇಪ್ಪತ್ತು ನಿಮಿಷ ಕಾಯುತ್ತದೆಯೇ ಎಂದು ಕೇಳಿದರು. ಇಪ್ಪತ್ತು ನಿಮಿಷ ಖಂಡಿತ ಕಾಯುತ್ತದೆ. ಕಾಯದಿರುವುದು ಮಾರುಕಟ್ಟೆಯ ಹರಾಜು. ಅದಕ್ಕೆ ಉತ್ತರಿಸಬೇಕಾದವರು ಮೊದಲ ಸಾಲಿನಲ್ಲಿ ಕುಳಿತಿರುವ ಮಾಲೀಕರು ಎಂದು ಅಂದೂ ಹೇಳಿದೆ, ಇಲ್ಲೂ ಬರೆಯುತ್ತಿದ್ದೇನೆ. ಹೊರಡುವ ಸಮಯವನ್ನು ನಿಗದಿ ಮಾಡುವವರು ನೀವು. ದಾರಿಯಲ್ಲಿ ಒಂದು ಗಂಟೆಯ ನಿದ್ದೆ ಹಿಡಿಸುವಷ್ಟು ಮುಂಚೆ ಹೊರಡಿಸಿ.

ಈಗ ನನ್ನದೇ ಒಂದು ತಪ್ಪು. ರಕ್ತದೊತ್ತಡವಿದ್ದ ಒಬ್ಬ ಚಾಲಕರಿಗೆ ಮೂತ್ರ ಹೆಚ್ಚು ಹೋಗುವಂತೆ ಮಾಡುವ ಮಾತ್ರೆಯನ್ನು ಬೆಳಗ್ಗೆ ತೆಗೆದುಕೊಳ್ಳಲು ಬರೆದಿದ್ದೆ. ಒಳ್ಳೆಯ ಔಷಧವೇ. ನಾಲ್ಕು ತಿಂಗಳ ನಂತರ ಬಂದಾಗ ಒತ್ತಡ 180 ದಾಟಿತ್ತು. ‘ಆ ಮಾತ್ರೆ ನುಂಗಿದರೆ ಗಂಟೆಗೊಮ್ಮೆ ಲಾರಿ ನಿಲ್ಲಿಸಬೇಕು, ಎಲ್ಲಿ ನಿಲ್ಲಿಸಲಿ ಡಾಕ್ಟರೇ? ಬಿಟ್ಟುಬಿಟ್ಟೆ’ ಎಂದರು. ಕಾರ್ಡಿನಲ್ಲಿ ಉದ್ಯೋಗ ಚಾಲಕ ಎಂದು ನಾನೇ ಬರೆದಿದ್ದೆ. ಬರೆದವನು ಅದನ್ನು ಓದಿರಲಿಲ್ಲ. ಅಂದಿನಿಂದ ಮಾತ್ರೆ ಬರೆಯುವ ಮೊದಲು ದಾರಿಯನ್ನು ಕೇಳುತ್ತೇನೆ: ಯಾವಾಗ ಹೊರಡುತ್ತೀರಿ, ಎಲ್ಲಿ ಉಣ್ಣುತ್ತೀರಿ, ಯಾವಾಗ ಮಲಗುತ್ತೀರಿ. ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಮಿಪಿರೈಡ್‌ನಂಥ ಮಾತ್ರೆ ನುಂಗಿ ಊಟ ತಪ್ಪಿಸಿದರೆ ಸಕ್ಕರೆ ಕುಸಿದು ಸ್ಟೀರಿಂಗ್ ಮೇಲೆಯೇ ತಲೆ ತಿರುಗಬಹುದು. ನೆಗಡಿಗೆಂದು ಅಂಗಡಿಯಲ್ಲಿ ಕೇಳಿ ಪಡೆಯುವ ಮಾತ್ರೆಗಳಲ್ಲಿ ಹಲವು ನಿದ್ದೆ ತರಿಸುತ್ತವೆ. ‘ನಾನು ಲಾರಿ ಓಡಿಸುತ್ತೇನೆ’ ಎಂದು ವೈದ್ಯರಿಗೂ ಔಷಧ ಅಂಗಡಿಯವರಿಗೂ ಮೊದಲು ಹೇಳಿ, ರೋಗ ಆಮೇಲೆ ಹೇಳಿ.

ಮೂತ್ರ ತಡೆಯಬೇಕಾಗುತ್ತದೆಂದು ನೀರನ್ನೇ ಕಡಿಮೆ ಕುಡಿಯುವವರು ನಿಮ್ಮಲ್ಲಿ ಬಹಳ. ನಮ್ಮ ಕರಾವಳಿಯ ಬೆವರಿಗೆ, ಕ್ಯಾಬಿನ್ನಿನ ಕಾವಿಗೆ ಅದು ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವ ನೇರ ದಾರಿ. 2025ರ ಅಕ್ಟೋಬರ್‌ನಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಹಳೆಯ ಲಾರಿಗಳು ಇನ್ನೂ ಹಲವು ವರ್ಷ ಓಡುತ್ತವೆ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಖಚಿತಪಡಿಸಿದೆ. ನಿಲ್ಲಿಸಿದ ಲಾರಿಯ ಇಂಜಿನ್ ಚಾಲೂ ಇಟ್ಟು ಒಳಗೆ ಮಲಗಬೇಡಿ. ಗುಟ್ಕಾ, ತಂಬಾಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಂದು ಪರೀಕ್ಷೆ ಮಾಡಿಕೊಳ್ಳಿ. ಬಾಯಿ ತೆರೆದು ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಇಡಿ. ಮೂರೂ ಹೋಗದಿದ್ದರೆ ನಾಳೆಯೇ ಬನ್ನಿ.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 2010ರಲ್ಲಿ ದೂರದ ಲಾರಿ ಚಾಲಕರನ್ನು ಸಮೀಕ್ಷೆ ಮಾಡಿದಾಗ ನೂರಕ್ಕೆ 69 ಜನರಿಗೆ ಬೊಜ್ಜಿತ್ತು. ಅಲ್ಲಿನ ಉಳಿದ ದುಡಿಯುವವರಲ್ಲಿ ಅದು 31. ನಮ್ಮ ಚಾಲಕರು ನೋಡಲು ಅಷ್ಟು ದಪ್ಪಗಿಲ್ಲ. ಆದರೆ ನಮ್ಮ ದೇಹಕ್ಕೆ ಹೊಟ್ಟೆ ಸ್ವಲ್ಪ ಬಂದರೂ ಸಕ್ಕರೆ ಬೇಗ ಬರುತ್ತದೆ. ಮನೆಯಲ್ಲಿ ಕುಚಲಕ್ಕಿ ಗಂಜಿ, ಮೀನು ಉಂಡು ಬೆಳೆದವರು ದಾರಿಯಲ್ಲಿ ರಾತ್ರಿ ಹನ್ನೊಂದಕ್ಕೆ ಎಣ್ಣೆ ತೇಲುವ ಸಾರು, ಪರೋಟ ತಿಂದು ಹಾಗೆಯೇ ಸೀಟಿನ ಮೇಲೆ ಕೂರುತ್ತಾರೆ. ಢಾಬಾದವರನ್ನು ನಾನು ಬೈಯುವುದಿಲ್ಲ. ಆ ಹೊತ್ತಿನಲ್ಲಿ ಬಿಸಿ ಊಟ ಹಾಕುವವರು ಅವರೊಬ್ಬರೇ.

ವಿಶ್ರಾಂತಿ ಎಂಬುದು ಚಾಲಕನ ಮನಸ್ಸಿಗೆ ಬಿಟ್ಟ ವಿಷಯ ಎಂದು ಯಾರೂ ತಿಳಿಯಬಾರದು. 1961ರಲ್ಲೇ ನಮ್ಮ ಸಂಸತ್ತು ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಮಾಡಿ ದಿನಕ್ಕೆ 8, ವಾರಕ್ಕೆ 48 ಗಂಟೆಯ ದುಡಿಮೆ, ನಡುವೆ ಕನಿಷ್ಠ ಅರ್ಧ ಗಂಟೆಯ ಬಿಡುವು ಎಂದು ಬರೆಯಿತು. ಆದರೆ ಅದು ಐದು ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳಿಗೆ. ಒಂದೇ ಲಾರಿ ಇಟ್ಟುಕೊಂಡು ತಾನೇ ಓಡಿಸುವ ನಮ್ಮೂರಿನವನಿಗೆ ಅದರ ನೆರಳು ಬೀಳಲಿಲ್ಲ.

ಗಂಟೆಯ ಲೆಕ್ಕ ಸರಿಯಾದರೂ ನಿಲ್ಲಲು ಜಾಗ ಬೇಕು. ನಮ್ಮ 66ನೇ ಹೆದ್ದಾರಿ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಡಲು ಅಥವಾ ನದಿ ಇಟ್ಟುಕೊಂಡು ಹೋಗುತ್ತದೆ. 2024ರ ಜುಲೈ 16ರ ಬೆಳಗ್ಗೆ ಶಿರೂರಿನಲ್ಲಿ ಗುಡ್ಡ ಕುಸಿದಾಗ ಅದರ ಕೆಳಗೆ ಇದ್ದದ್ದು ಒಂದು ಚಹಾ ಅಂಗಡಿ ಮತ್ತು ಅಲ್ಲಿ ನಿಂತಿದ್ದ ಲಾರಿಗಳು. ಅಂಗಡಿಯ ಕುಟುಂಬ ಹೋಯಿತು, ಚಾಲಕರು ಹೋದರು. ಕೇರಳದ ಒಬ್ಬ ಚಾಲಕನ ದೇಹ ಲಾರಿಯ ಸಮೇತ ಗಂಗಾವಳಿಯ ಒಡಲಿನಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಆ ಎಪ್ಪತ್ತು ದಿನ ನಾವೆಲ್ಲ ನದಿಯ ಕಡೆಗೇ ಕಣ್ಣಿಟ್ಟಿದ್ದೆವು. ಅಲ್ಲಿ ಸತ್ತ ಚಾಲಕರನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುವುದು ಒಂದೇ ಕಾರಣಕ್ಕೆ: ಚಾಲಕ ಮಾಡಬೇಕಾದ್ದು ಯಾವುದೋ ಅದನ್ನೇ, ನಿಂತು ದಣಿವಾರಿಸಿಕೊಳ್ಳುವುದನ್ನೇ, ಮಾಡುವ ಜಾಗ ಅದಾಗಿತ್ತು. ಮಾಜಾಳಿಯಿಂದ ಭಟ್ಕಳದವರೆಗೆ ಗುಡ್ಡದಿಂದ ದೂರವಾಗಿ, ಶೌಚಾಲಯ, ನೀರು, ಬೆಳಕು ಇರುವ ನಿಲುಗಡೆಗಳು ಬೇಕು. ಇದನ್ನು ಸೌಕರ್ಯವೆಂದು ಕೇಳಬೇಡಿ, ಔಷಧವೆಂದು ಕೇಳಿ.

ಕೊಂಕಣ ರೈಲ್ವೆಯಲ್ಲಿ 1999ರಿಂದ ಲಾರಿಗಳನ್ನೇ ರೈಲಿನ ಮೇಲೆ ಹೇರಿ ಒಯ್ಯುವ ರೋ-ರೋ ಸೇವೆ ಇದೆ. ಮೊದಲು ಕೋಲಾಡ್‌ನಿಂದ ಗೋವಾದ ವೆರ್ಣಾಕ್ಕೆ, ಆಮೇಲೆ ಸುರತ್ಕಲ್ಲಿನವರೆಗೂ. ಕಾರವಾರದ ಶಿರವಾಡ ನಿಲ್ದಾಣದಲ್ಲಿ ಆ ರೈಲು ಹಾಯುವುದನ್ನು ನೀವೂ ನೋಡಿದ್ದೀರಿ. ಡೀಸೆಲ್ ಉಳಿಯುತ್ತದೆ ಎಂದು ಅದನ್ನು ಹೊಗಳುತ್ತಾರೆ. ನನ್ನ ಕಣ್ಣಿಗೆ ಬೀಳುವುದು ಲಾರಿಯ ಕ್ಯಾಬಿನ್ನಿನಲ್ಲಿ ಕಾಲು ಚಾಚಿ ಮಲಗಿರುವ ಚಾಲಕ.

ಎದೆನೋವು ಬಂದರೆ ಏನು ಮಾಡಬೇಕೆಂದು ಹೇಳಿಬಿಡಬೇಕು. ನಮ್ಮ ಜಿಲ್ಲೆಯವರು ದೊಡ್ಡ ಚಿಕಿತ್ಸೆಗೆ ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಓಡುವವರು. ಆದರೆ ಹೃದಯಾಘಾತದಲ್ಲಿ ಮೊದಲ ಗಂಟೆ ಓಡುವುದಕ್ಕಲ್ಲ. ನಮ್ಮ ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಾಗಿದೆ. ಯಾವ ತಾಲ್ಲೂಕಿನಲ್ಲಿ ಇದ್ದೀರೋ ಆ ತಾಲ್ಲೂಕಿನ ಆಸ್ಪತ್ರೆಗೆ ಹೋಗಿ. ಸ್ವತಃ ಓಡಿಸಿಕೊಂಡು ಹೋಗಬೇಡಿ, 108ಕ್ಕೆ ಕರೆ ಮಾಡಿ. ಗ್ಯಾಸ್ ಎಂದು ನೀವೇ ತೀರ್ಮಾನಿಸಬೇಡಿ. ಮತ್ತೆ ಬಾರದ ರೋಗಿಯೂ ತನ್ನ ಚೀಟಿಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ, ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯ ಹದಿನಾಲ್ಕು ಅಂಕಿಯ ಆಭಾ ಸಂಖ್ಯೆ ಮಾಡಿಸಿಕೊಂಡರೆ, ನಾನು ಶುರು ಮಾಡಿದ್ದನ್ನು ಸಾಂಗ್ಲಿಯ ವೈದ್ಯರು ಮುಂದುವರಿಸಬಹುದು. ಪರವಾನಗಿ ನವೀಕರಣಕ್ಕೆ ವೈದ್ಯರ ಪ್ರಮಾಣಪತ್ರ ಬೇಕಲ್ಲ, ಐದು ವರ್ಷಕ್ಕೊಮ್ಮೆ ಬರುವ ಆ ದಿನ ಸಹಿಯನ್ನಷ್ಟೇ ಕೇಳಬೇಡಿ. ಅಂದು ಒತ್ತಡ, ಸಕ್ಕರೆ, ಕಣ್ಣು ಎಲ್ಲವನ್ನೂ ನೋಡಿ ಎಂದು ಪಟ್ಟು ಹಿಡಿಯಿರಿ.

ಮಾತು ಮುಗಿದ ಮೇಲೆ ಗಂಡಸರು ಬಾಡಿಗೆ ದರದ ಬಗ್ಗೆ ಬಹಳ ಹೊತ್ತು ವಾದಿಸಿದರು. ಕುರ್ಚಿಗಳನ್ನು ಎತ್ತಿಡುವ ಹೊತ್ತಿಗೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ನನ್ನ ಬಳಿ ಬಂದರು. ‘ನಮ್ಮವರು ಮಲಗಿದಾಗ ಬಹಳ ಗೊರಕೆ ಹೊಡೆಯುತ್ತಾರೆ ಡಾಕ್ಟರೇ. ನಡುವೆ ಒಮ್ಮೆಲೇ ನಿಂತುಬಿಡುತ್ತದೆ. ಉಸಿರು ಇದೆಯೋ ಇಲ್ಲವೋ ಎಂದು ನಾನು ಮೂಗಿನ ಹತ್ತಿರ ಕೈ ಇಟ್ಟು ನೋಡುತ್ತೇನೆ. ಆಮೇಲೆ ಜೋರಾಗಿ ಎಳೆದುಕೊಂಡು ಮತ್ತೆ ಶುರು. ಇದು ಕಾಯಿಲೆಯೇ?’

ಕಾಯಿಲೆಯೇ, ತಾಯಿ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ಕಟ್ಟುತ್ತದೆ, ಮೆದುಳು ಗಾಬರಿಯಾಗಿ ಎಚ್ಚರಿಸುತ್ತದೆ. ರಾತ್ರಿಯಲ್ಲಿ ನೂರಾರು ಸಲ ಹೀಗಾಗಬಹುದು. ಎಂಟು ಗಂಟೆ ಮಲಗಿದರೂ ನಿದ್ದೆಯಾಗಿರುವುದಿಲ್ಲ, ಹಗಲು ಸ್ಟೀರಿಂಗ್ ಮೇಲೆ ಜೊಂಪು ಹತ್ತುತ್ತದೆ, ರಕ್ತದೊತ್ತಡವೂ ಏರುತ್ತದೆ. ಪರೀಕ್ಷೆಯಿದೆ, ಮುಖಕ್ಕೆ ಹಾಕಿಕೊಂಡು ಮಲಗುವ ಗಾಳಿಯಂತ್ರವಿದೆ, ತೂಕ ಇಳಿಸಿದರೆ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ. ನೀವು ಮೂಗಿನ ಹತ್ತಿರ ಕೈ ಇಟ್ಟು ನೋಡಿದ್ದನ್ನು ಹಾಗೆಯೇ ಅವರ ಮುಂದೆ ಹೇಳಬೇಕು, ಅವರಿಗೆ ಇದು ಗೊತ್ತಿರುವುದಿಲ್ಲ ಎಂದೆ.

ಅವರ ಯಜಮಾನರು ಅಂದು ತಾಳೆಗುಪ್ಪ ದಾಟಿ ಎಲ್ಲೋ ದಾರಿಯಲ್ಲಿದ್ದರು. ಗುರುವಾರ ಲಾರಿ ಊರಿಗೆ ಬರುತ್ತದೆ, ಶುಕ್ರವಾರ ನಸುಕಿನಲ್ಲಿ ಮತ್ತೆ ಹೊರಡುತ್ತದೆ ಎಂದರು. ಗುರುವಾರ ಸಂಜೆ ಐದರ ನಂತರದ ಹೊತ್ತನ್ನು ಅವರಿಬ್ಬರಿಗೆಂದು ಬಿಟ್ಟಿದ್ದೇನೆ.